ಯಾವ ಖರ್ಚಿನ ಒಂದೂವರೆ ಪಟ್ಟು?

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ವೈಜ್ಞಾನಿಕ ಬೆಲೆ ಬೇಕು ಅಂತ ಕೂಗಿ ಕೂಗಿ ನಮ್ಮ ಗಂಟಲು ಕಟ್ಟಿದೆ. ಹಾಗಂತ ನಮ್ಮ ಖರ್ಚನ್ನು ಯಾರೂ ಲೆಕ್ಕ ಹಾಕುತ್ತಿಲ್ಲ ಎಂದು ತಿಳಿಯಬೇಡಿ. 1970-71ರಿಂದಲೂ ಹಾಕುತ್ತಿದ್ದಾರೆ. ಕೃಷಿ ವಿಶ್ವವಿದ್ಯಾನಿಲಯಗಳ ನೌಕರರು ಆಯ್ದ ಹಳ್ಳಿಗಳಲ್ಲಿ ಸಣ್ಣ ಹಿಡುವಳಿಯವರನ್ನೂ ದೊಡ್ಡವರನ್ನೂ ಆರಿಸಿ, ಬೀಜ ಎಷ್ಟು, ಗೊಬ್ಬರ ಎಷ್ಟು, ಕೂಲಿ ಎಷ್ಟು, ಎತ್ತಿನ ದುಡಿಮೆ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ನಿಮ್ಮೂರಿಗೂ ಬಂದಿರಬಹುದು. ಸಾಲ ವಸೂಲಿಯವನು ಬಂದ ಅಂತ ನೀವು ಹಿತ್ತಲ ಬಾಗಿಲಿಂದ ಹೊರಟುಹೋಗಿರಲೂಬಹುದು!

ಈ ಲೆಕ್ಕ ದೆಹಲಿಗೆ ಹೋಗುತ್ತದೆ. ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಳತಾಗಿರುತ್ತದೆ, ಈ ವರ್ಷಕ್ಕೆ ಅಂದಾಜಿನ ಮೇಲೆ ಹಿಗ್ಗಿಸುತ್ತಾರೆ. 1965ರಲ್ಲಿ ಕೃಷಿ ಬೆಲೆ ಆಯೋಗವೆಂದು ಹುಟ್ಟಿ ಈಗ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವಾಗಿರುವ ಸಂಸ್ಥೆ ಅದನ್ನು ನೋಡಿ ಬೆಂಬಲ ಬೆಲೆ ಶಿಫಾರಸು ಮಾಡುತ್ತದೆ. ತೀರ್ಮಾನ ಸರ್ಕಾರದ್ದು.

ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ. ಪಂಡಿತರು ಖರ್ಚನ್ನು ಹಲವು ಬಗೆಯಲ್ಲಿ ಕಟ್ಟಿದ್ದಾರೆ. ಕೈಯಿಂದ ಬಿಚ್ಚಿದ ಖರ್ಚು ಎ2. ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಎ2 ಎಫ್‌ಎಲ್. ಇದರ ಮೇಲೆ ಸ್ವಂತ ಭೂಮಿಯ ಗೇಣಿ, ಸ್ಥಿರ ಬಂಡವಾಳದ ಬಡ್ಡಿ ಸೇರಿದರೆ ಸಿ2. ಸ್ವಂತ ಭೂಮಿಗೆ ಎಂಥ ಗೇಣಿ ಅಂತ ಕೇಳುವವರಿದ್ದಾರೆ. ಪೇಟೆಯಲ್ಲಿ ಸ್ವಂತ ಕಟ್ಟಡದಲ್ಲಿ ಅಂಗಡಿ ಇಟ್ಟವನು ಬಾಡಿಗೆ ಲೆಕ್ಕ ಬಿಟ್ಟು ದರ ಹಾಕುತ್ತಾನೆಯೇ? ಇನ್ನು ಬಡ್ಡಿ ಎಂದರೇನು ಅಂತ ಕೊಳವೆ ಬಾವಿ ತೋಡಿಸಿದವರಿಗೆ ನಾನು ಹೇಳಬೇಕಾಗಿಲ್ಲ.

ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ 2006ರಲ್ಲಿ, ಸರಾಸರಿ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇಕಡಾ 50 ಕೊಡಿ ಎಂದಿತು. 2007ರ ರಾಷ್ಟ್ರೀಯ ರೈತ ನೀತಿಯಲ್ಲಿ ಆ ಮಾತು ಸೇರಲಿಲ್ಲ. 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಎಂಬ ಘೋಷಣೆಯೇನೋ ಬಂತು. ಯಾವ ಖರ್ಚಿನದು? ರೈತ ಸಂಘಟನೆಗಳು ಕೇಳುತ್ತಿದ್ದದ್ದು ಸಿ2. ಸರ್ಕಾರ ಹಿಡಿದದ್ದು ಎ2 ಎಫ್‌ಎಲ್.

ಆ ವರ್ಷದ ಸಾಮಾನ್ಯ ಭತ್ತವನ್ನೇ ನೋಡಿ. ಕ್ವಿಂಟಾಲಿಗೆ ಎ2 ಎಫ್‌ಎಲ್ 1,166 ರೂಪಾಯಿ, ಬೆಂಬಲ ಬೆಲೆ 1,750. ಸಿ2 1,560 ಇತ್ತು, ಅದರ ಒಂದೂವರೆ ಪಟ್ಟು 2,340. ಕ್ವಿಂಟಾಲಿಗೆ 590 ರೂಪಾಯಿ ವ್ಯತ್ಯಾಸ. ಎಕರೆಗೆ 20 ಕ್ವಿಂಟಾಲ್ ಬೆಳೆದವನಿಗೆ 11,800. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕಿದರೆ ಎಂಬ ಮಾತು. ಖರೀದಿ ಕೇಂದ್ರ ತೆರೆಯುವ ಮೊದಲೇ ಸಾಲ ತೀರಿಸಲು ಮಾರಿಕೊಂಡವನ ಕತೆ ಬೇರೆ.

ಬೆಲೆ ಏರಿಸಿದರೆ ಉಣ್ಣುವವರಿಗೆ ಹೊರೆ ಅಂತ ಸರ್ಕಾರ ಹೇಳಬಹುದು, ಅದರ ಚರ್ಚೆಯಾಗಲಿ. ಆದರೆ ಹಾಗಂತ ನೇರವಾಗಿ ಹೇಳಬೇಕು. ಸಂಶೋಧನೆ ತಪ್ಪಾಗಿಲ್ಲ. ಆಯೋಗದ ವರದಿಯಲ್ಲಿ ಎರಡೂ ಅಂಕಿ ಅಚ್ಚಾಗಿವೆ. ಕೆಳಗಿನದನ್ನು ಆರಿಸಿ, ಅದಕ್ಕೆ ಬರೀ ‘ಖರ್ಚು’ ಅಂತ ಹೆಸರಿಟ್ಟರು.

ಇನ್ನು ಮೇಲೆ ಬೆಂಬಲ ಬೆಲೆಯ ಸುದ್ದಿ ಬಂದಾಗ ಸಿ2 ಎಷ್ಟು ಅಂತ ಮೊದಲು ಕೇಳಿ. ಖರ್ಚು ಬರೆದುಕೊಳ್ಳುವವನು ಮನೆಗೆ ಬಂದರೆ ಕೂರಿಸಿ, ಕಾಫಿ ಕೊಟ್ಟು, ಹೆಂಗಸರು ಕಳೆ ಕಿತ್ತ ದಿನಗಳನ್ನೂ ಬಿಡದೆ ಬರೆಸಿ.