ಹೊಸ ದೂರವಾಣಿಯ ಗುಣದೋಷ ವಿಚಾರ

(ಸಂಘದ ವಾರ್ಷಿಕೋತ್ಸವದಂಗವಾಗಿ ಕಾಸರಗೋಡಿನಲ್ಲಿ ಜರಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಸಂಸ್ಥೆಯ ವೇದಿಕೆಯ ಮೇಲೆ ದೂರವಾಣಿಯ ಮಾತನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಪುಸ್ತಕ, ಪತ್ರಿಕೆ, ಅಂಚೆ, ಬ್ಯಾಂಕು ಇವೆಲ್ಲವೂ ಆ ಅಂಗೈಯಗಲದ ಪೆಟ್ಟಿಗೆಯನ್ನು ಹೊಕ್ಕಿರುವ ಈ ಕಾಲದಲ್ಲಿ ಅದರ ಗುಣದೋಷಗಳನ್ನು ತೂಗಿ ನೋಡುವುದು ಪಾಲಕರ ಕರ್ತವ್ಯವೇ ಸರಿ. 2020ರಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠವೂ ಅದರೊಳಗೇ ನಡೆಯಿತು. ಒಂದೇ ಫೋನಿಗಾಗಿ ಮೂವರು ಮಕ್ಕಳು ಸರದಿ ಕಾದ ಮನೆಗಳು ನಮ್ಮ ನಡುವೆ ಇದ್ದುವು. ಅಂದಿನಿಂದ ಪಾಲಕರು ಕೇಳುವ ಪ್ರಶ್ನೆ ಒಂದೇ: ಎಲ್ಲಕ್ಕೂ ಮಿಗಿಲಾದುದನ್ನು ಸಾಲ ಮಾಡಿಯಾದರೂ ಕೊಳ್ಳತಕ್ಕದ್ದೇ?

ನೌಕಾಪಡೆಯಲ್ಲಿ ಸೇನಾಧಿಪತಿಯ ಬಾವುಟವನ್ನು ಹೊತ್ತ ಹಡಗಿಗೆ ಫ್ಲ್ಯಾಗ್‌ಶಿಪ್, ಎಂದರೆ ಧ್ವಜನೌಕೆ ಎಂದು ಹೆಸರು. ಫೋನು ತಯಾರಕರೂ ತಮ್ಮ ಶ್ರೇಷ್ಠ ಮಾದರಿಗೆ ಇದೇ ಹೆಸರನ್ನು ಇಟ್ಟುಕೊಂಡಿದ್ದಾರೆ. ನಾವು ಪರಾಮರ್ಶೆಗೆ ಆರಿಸಿಕೊಂಡ ಧ್ವಜನೌಕೆಯು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ ಎಂಬುದು. ಅದು 2024ರ ಜನವರಿ 17ರಂದು ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿ ಲೋಕಕ್ಕೆ ಪರಿಚಿತವಾಯಿತು. ನಮ್ಮ ದೇಶದಲ್ಲಿ ಆಗ ಅದರ ಆರಂಭದ ಬೆಲೆ 1,29,999 ರೂಪಾಯಿ ಇತ್ತು. ಇದನ್ನೇ ಆರಿಸಲು ಕಾರಣವುಂಟು. ಅದನ್ನು ಮುಂದೆ ಅರಿಕೆ ಮಾಡುತ್ತೇವೆ.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. 6.8 ಅಂಗುಲದ ಇದರ ತೆರೆ ಬಲು ಪ್ರಕಾಶಮಾನವಾದುದು. ಅದಕ್ಕೆ ಹೊದಿಸಿದ ಗಾಜು ಪ್ರತಿಫಲನವನ್ನು ಬಹಳ ಮಟ್ಟಿಗೆ ತಡೆಯುವುದರಿಂದ ನಡುಹಗಲ ಬಿಸಿಲಿನಲ್ಲಿಯೂ ಅಕ್ಷರಗಳು ನಿಚ್ಚಳವಾಗಿ ಕಾಣುವುವು. ಚೌಕಟ್ಟು ಟೈಟೇನಿಯಂ ಲೋಹದ್ದು. ಮುಖ್ಯ ಕ್ಯಾಮೆರಾ 200 ಮೆಗಾಪಿಕ್ಸೆಲಿನದು. ದೂರದ ವಸ್ತುವನ್ನು ಐದು ಪಟ್ಟು ಹತ್ತಿರಕ್ಕೆ ತರುವ ಮಸೂರವೂ ಬೇರೆಯಾಗಿದೆ. ಒಡಲಿನಲ್ಲಿಯೇ ಅಡಗಿರುವ ಲೇಖನಿಯಿಂದ ತೆರೆಯ ಮೇಲೆ ಬರೆಯಬಹುದು, ಚಿತ್ರ ಬಿಡಿಸಬಹುದು. ಅಧ್ಯಾಪಕರಿಗೆ ಇದು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇವೆಲ್ಲಕ್ಕಿಂತ ಹಿರಿದಾದ ಗುಣ ಕಣ್ಣಿಗೆ ಕಾಣದು. ಈ ಫೋನಿನ ತಂತ್ರಾಂಶಕ್ಕೂ ಅದರ ಸುರಕ್ಷತೆಗೂ ಏಳು ವರ್ಷಗಳವರೆಗೆ ಪರಿಷ್ಕರಣೆ ಒದಗಿಸುವುದಾಗಿ ತಯಾರಕರು ಮಾತು ಕೊಟ್ಟಿದ್ದಾರೆ. ಯಂತ್ರ ಕೆಡದಿದ್ದರೂ ತಂತ್ರಾಂಶ ಹಳತಾಗಿ ಫೋನು ನಿರುಪಯೋಗಿಯಾಗುವುದು ಈ ಉದ್ಯಮದ ದೊಡ್ಡ ದುರ್ವ್ಯಯ. ಆ ದೃಷ್ಟಿಯಿಂದ ಈ ವಾಗ್ದಾನ ಸ್ತುತ್ಯರ್ಹವಾದುದು. ಮರುವರ್ಷದ ಜನವರಿಯಲ್ಲಿಯೇ ಎಸ್25 ಅಲ್ಟ್ರಾ ಹೊರಬಂದು ಇದರ ಹೊಸತನವನ್ನು ಕಸಿದುಕೊಂಡಿತು. ಹೊಸತನಕ್ಕೆ ಒಂದು ವರ್ಷದ ಆಯುಸ್ಸು, ವಾಗ್ದಾನಕ್ಕೆ ಏಳು ವರ್ಷದ ಆಯುಸ್ಸು. ಕೊಳ್ಳುವವರು ಹಣ ಕೊಡಬೇಕಾದುದು ಯಾವುದಕ್ಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ದೋಷಗಳು. ತೂಕ 232 ಗ್ರಾಂ. ಒಂದೇ ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿದರೆ ಮಣಿಕಟ್ಟು ನೋಯದಿರದು. ಬ್ಯಾಟರಿಯ ಸಾಮರ್ಥ್ಯ 5000 ಮಿಲಿಆಂಪಿಯರ್-ಗಂಟೆ. 2020ರ ಎಸ್20 ಅಲ್ಟ್ರಾದಲ್ಲಿಯೂ ಇದು ಇಷ್ಟೇ ಇತ್ತು. ಏಳು ವರ್ಷ ಬಾಳಬೇಕಾದ ಯಂತ್ರದ ಬ್ಯಾಟರಿಯನ್ನು ಬಳಸುವವನು ತಾನೇ ಸುಲಭವಾಗಿ ಬದಲಿಸುವಂತಿಲ್ಲ. ಹೆಚ್ಚಿನ ಸಂಗ್ರಹಕ್ಕೆ ಮೆಮೊರಿ ಕಾರ್ಡನ್ನು ತೂರಿಸಲು ಎಡೆಯಿಲ್ಲ. ಲಕ್ಷಕ್ಕೂ ಮೀರಿ ಬೆಲೆ ತೆತ್ತವರಿಗೆ ಪೆಟ್ಟಿಗೆಯಲ್ಲಿ ತಂತಿ ಮಾತ್ರ ದೊರೆಯುವುದು; ಚಾರ್ಜರನ್ನು ಬೇರೆ ಕೊಳ್ಳಬೇಕು. ಇಂತಹ ಕುಂದುಗಳನ್ನು ಯಾವ ಯಂತ್ರದಲ್ಲಿಯೂ ಎಣಿಸಬಹುದು. ನಮ್ಮಂತಹ ಗಡಿನಾಡಿನವರ ಮನಸ್ಸನ್ನು ತಟ್ಟುವ ಕೊರತೆ ಬೇರೊಂದಿದೆ.

ಈ ಫೋನಿನ ಬಹು ಪ್ರಚಾರ ಪಡೆದ ವಿಶೇಷವೆಂದರೆ ದುಭಾಷಿಯ ಕಾರ್ಯ. ಇಬ್ಬರು ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡುತ್ತಿದ್ದರೆ, ಇತ್ತಣ ಮಾತನ್ನು ಅತ್ತಣ ಭಾಷೆಗೂ ಅತ್ತಣದನ್ನು ಇತ್ತಣ ಭಾಷೆಗೂ ಅದು ಆಗಿಂದಾಗಲೇ ಅನುವಾದಿಸಿ ನುಡಿಯುತ್ತದೆ. ಅಂತಹ ಸಾಧನದ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಈ ನೆಲದ ಕನ್ನಡಿಗನು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಚೇರಿಯಲ್ಲಿ ಮಲಯಾಳದ ಕಾಗದಕ್ಕೆ ಸಹಿ ಹಾಕುತ್ತಾ ಬಂದಿದ್ದಾನೆ. ಮಲಯಾಳವನ್ನು ಕನ್ನಡಕ್ಕೂ ಕನ್ನಡವನ್ನು ಮಲಯಾಳಕ್ಕೂ ತಿರುಗಿಸಿ ನುಡಿಯುವ ಯಂತ್ರ ಈ ಜಿಲ್ಲೆಯ ಮುದುಕರಿಗೆ ಊರುಗೋಲಿನಂತೆ ಆಗುತ್ತಿತ್ತು. ಆದರೆ ಫೋನು ಹೊರಬಂದಾಗ ಈ ಕಾರ್ಯಕ್ಕೆ ಒದಗಿದ್ದ ಭಾಷೆಗಳು ಹದಿಮೂರು. ಕೊರಿಯನ್, ಥಾಯ್, ವಿಯೆಟ್ನಾಮೀ, ಪೋಲಿಷ್ ಭಾಷೆಗಳು ಅಲ್ಲಿದ್ದುವು; ಭಾರತದ ದೇಶಭಾಷೆಗಳಲ್ಲಿ ಹಿಂದಿಯೊಂದೇ ಇತ್ತು. ಕನ್ನಡವೂ ಇರಲಿಲ್ಲ, ಮಲಯಾಳವೂ ಇರಲಿಲ್ಲ.

ಹಾಗೆಂದು ಈ ಫೋನಿನಲ್ಲಿ ಕನ್ನಡವೇ ಇಲ್ಲವೆಂದಲ್ಲ. 1991ರ ಯುನಿಕೋಡ್ ಸಂಕೇತದಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿತ್ತು. ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು. ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುವ ಸೌಕರ್ಯ 2017ರಲ್ಲಿ ಬಂದಿತು. ಆದರೆ ಈ ಸೌಕರ್ಯಗಳೆಲ್ಲ ಇದರ ಹತ್ತನೆಯ ಒಂದು ಪಾಲು ಬೆಲೆಯ ಫೋನಿನಲ್ಲಿಯೂ ದೊರೆಯುವುವು. ಸಾರಾಂಶವಿಷ್ಟೆ: ಹೆಚ್ಚಿಗೆ ತೆತ್ತ ಹಣಕ್ಕೆ ಹೆಚ್ಚಿನ ಚಿತ್ರ ಸಿಕ್ಕೀತು, ಹೆಚ್ಚಿನ ಕನ್ನಡ ಸಿಗಲಿಲ್ಲ.

ಇದಕ್ಕೆ ಯಾರನ್ನು ದೂರೋಣ? ಇಲ್ಲಿಯೇ ಕೌತುಕದ ಸಂಗತಿಯೊಂದಿದೆ; ಈ ಫೋನನ್ನು ಆರಿಸಿಕೊಂಡ ಕಾರಣವೂ ಅದೇ. ಇದರ ಹಿಂದಿ ಅನುವಾದದ ವ್ಯವಸ್ಥೆಯನ್ನು ರೂಪಿಸಿದುದು ಅದೇ ಸಂಸ್ಥೆಯ ಬೆಂಗಳೂರಿನ ಸಂಶೋಧನಾಲಯ. ಹಿಂದಿಯ ಇಪ್ಪತ್ತಕ್ಕೂ ಹೆಚ್ಚು ಪ್ರಾದೇಶಿಕ ರೂಪಗಳನ್ನು ಅವರು ಗಮನಕ್ಕೆ ತಂದುಕೊಂಡರು. ಹತ್ತಿರ ಹತ್ತಿರ ಹತ್ತು ಲಕ್ಷ ಸಾಲುಗಳ ಧ್ವನಿಸಾಮಗ್ರಿಯನ್ನು ವಿಂಗಡಿಸಿ ಒದಗಿಸಲು ನೆರವಾದುದು ವೆಲ್ಲೂರಿನ ತಾಂತ್ರಿಕ ವಿದ್ಯಾಲಯ. ಕನ್ನಡನಾಡಿನ ರಾಜಧಾನಿಯೂ ತಮಿಳುನಾಡಿನ ಊರೂ ಕೂಡಿ ಹಿಂದಿಗೆ ಬಾಯಿ ಕೊಟ್ಟುವು. ಇದರಿಂದ ನಾವು ಅಸೂಯೆಯನ್ನು ಕಲಿಯಬೇಕಾಗಿಲ್ಲ, ವಿಧಾನವನ್ನು ಕಲಿಯಬೇಕು. ಯಂತ್ರಕ್ಕೆ ಭಾಷೆ ಬರುವುದು ಠರಾವುಗಳಿಂದಲ್ಲ, ಜನರ ಮಾತನ್ನು ಕೂಡಿಹಾಕುವುದರಿಂದ. ಮಾರುಕಟ್ಟೆಯ ಲೆಕ್ಕಾಚಾರವೂ ಅದರಲ್ಲಿ ಇದ್ದೇ ಇದೆ; ಆದರೆ ಸಾಮಗ್ರಿ ಸಿದ್ಧವಿರುವ ಭಾಷೆಗೆ ದಾರಿ ಬೇಗ ತೆರೆಯುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಗೂಗಲ್ ಸಂಸ್ಥೆಯೊಡಗೂಡಿ ಕೈಗೊಂಡ ‘ವಾಣಿ’ ಎಂಬ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಹೀಗೆಯೇ ಸಂಗ್ರಹಿಸುವ ಉದ್ದೇಶದ್ದು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ. ಛಾಯಾಗ್ರಹಣವೇ ಜೀವನೋಪಾಯವಾಗಿರುವವರು, ಏಳು ವರ್ಷ ಒಂದನ್ನೇ ಬಳಸುವ ಸಂಕಲ್ಪವುಳ್ಳವರು ಇಂತಹ ಫೋನನ್ನು ಕೊಂಡರೆ ತಪ್ಪಿಲ್ಲ. ಮಕ್ಕಳ ವ್ಯಾಸಂಗಕ್ಕಾಗಿ ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ. ಈ ಒಂದರ ಬೆಲೆಗೆ ಹತ್ತು ಮನೆಗಳಿಗೆ ಸಾಧಾರಣ ಫೋನುಗಳು ಬರುವುವು; ಸರದಿ ಕಾಯುವ ಮಗುವಿಗೆ ಬೇಕಾದುದು ಅದು. ಆದರೆ ಅಗ್ಗದ್ದನ್ನು ಕೊಳ್ಳುವಾಗಲೂ ಪರಿಷ್ಕರಣೆ ಎಷ್ಟು ವರ್ಷ ದೊರೆಯುವುದೆಂಬುದನ್ನು ತಪ್ಪದೆ ಕೇಳಿರಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಯಲ್ಲಿರುವ ಫೋನು ಎಷ್ಟೇ ಹಳೆಯದಾಗಿರಲಿ, ಅಜ್ಜಿಯ ಧ್ವನಿಯನ್ನು ಹಿಡಿದಿಡಲು ಅದು ಸಾಕು. ಈ ರಜೆಯಲ್ಲಿ, ಹಿರಿಯರ ಒಪ್ಪಿಗೆ ಪಡೆದು, ಅವರು ಹೇಳುವ ಕತೆ, ಗಾದೆ, ಅಡಕೆ ತೋಟದ ಕೆಲಸದ ಮಾತು ಇವುಗಳನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸಿರಿ. ಅಧ್ಯಾಪಕರು ಅವುಗಳನ್ನು ತಿದ್ದಿ, ಊರು ಮತ್ತು ತಾರೀಖುಗಳನ್ನು ನಮೂದಿಸಿ, ಶಾಲೆಯಲ್ಲಿ ಕಾದಿಡಲಿ. ಎಂದಾದರೊಂದು ದಿನ ಯಂತ್ರವು ಕನ್ನಡದಲ್ಲಿ ದುಭಾಷಿಯಾಗುವಾಗ ಅದರ ಕಿವಿಗೆ ಕಾಸರಗೋಡಿನ ಕನ್ನಡವೂ ಪರಿಚಿತವಾಗಿರಬೇಕಾದರೆ, ಆ ಪರಿಚಯವನ್ನು ಮಾಡಿಕೊಡಬೇಕಾದವರು ನಾವೇ.