ವಾರಸುದಾರರು ಯಾರು?



ಬ್ಯಾಡಗಿಯಿಂದ ರಾಣೆಬೆನ್ನೂರಿನ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಕನ್ನಡ ಮಾಸ್ತರ ನಾನು. ಬಸ್ಸು ತಡವಾದಾಗ ನಿಲ್ದಾಣದ ಗೋಡೆಯನ್ನು ಓದುವ ಚಾಳಿ ಬೆಳೆದುಬಿಟ್ಟಿದೆ. ಸಿನಿಮಾ ಚಿತ್ರ, ಮೂಲವ್ಯಾಧಿಯ ಔಷಧಿ, ಇವುಗಳ ನಡುವೆ ಒಮ್ಮೊಮ್ಮೆ ಪೊಲೀಸರ ಪ್ರಕಟಣೆಯೊಂದು ಇರುತ್ತದೆ. ಅಪರಿಚಿತ ಹೆಂಗಸಿನ ಶವ. ವಯಸ್ಸು ಸುಮಾರು ಇಪ್ಪತ್ತೈದು. ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು. ವಾರಸು ಎಂಬುದು ಅರಬ್ಬಿ ಮೂಲದ ಮಾತು. ಹೊಲ ಮನೆ ಕಾಗದಪತ್ರಗಳ ಬಳಿ ಇರಬೇಕಾದದ್ದು. ಅದು ಹೆಣದ ಬಳಿಗೆ ಹೇಗೆ ಬಂತೋ! ನಿಂತವರು ಓದುತ್ತಾರೆ, ಬಸ್ಸು ಬಂದೊಡನೆ ಹತ್ತುತ್ತಾರೆ. ನಾನೂ ಹತ್ತಿದವನೇ.

ಇಂಥ ಪ್ರಕಟಣೆಗಳ ಹಿಂದೆ ಏನೆಲ್ಲ ಅಡಗಿರಬಹುದೆಂಬುದನ್ನು ನಮ್ಮ ರಾಜ್ಯಕ್ಕೆ ತೋರಿಸಿದ್ದು ಮೋಹನ್ ಕುಮಾರ್ ಎಂಬವನ ಪ್ರಕರಣ. ಪತ್ರಿಕೆಗಳು ಅವನನ್ನು ಸೈನೈಡ್ ಮೋಹನ್ ಎಂದು ಕರೆದವು. 2009ರ ಹಿಂದಿನ ಕೆಲವು ವರ್ಷಗಳಲ್ಲಿ ದಕ್ಷಿಣ ಕನ್ನಡ ಮತ್ತು ಸುತ್ತಲಿನ ಸೀಮೆಯ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದನೆಂಬುದು ಅವನ ಮೇಲಿನ ಆರೋಪ. ಎಲ್ಲರೂ ಬಡವರ ಮನೆಯವರು. ವರದಕ್ಷಿಣೆ ಹೊಂದದೆ ಮದುವೆ ಮುಂದಕ್ಕೆ ಹೋಗುತ್ತಿದ್ದವರು. ಏನೂ ಬೇಡ, ನಿನ್ನನ್ನು ಮದುವೆಯಾಗುತ್ತೇನೆ ಎಂದು ನಂಬಿಸುವನು. ದೂರದ ಊರಿಗೆ ಕರೆದೊಯ್ದು ವಸತಿಗೃಹದಲ್ಲಿ ಒಂದು ರಾತ್ರಿ ಇರಿಸಿಕೊಳ್ಳುವನು. ಬೆಳಿಗ್ಗೆ, ಒಡವೆಯನ್ನು ಕೋಣೆಯಲ್ಲೇ ಬಿಡು ಎಂದು ಹೇಳಿ ಬಸ್ ನಿಲ್ದಾಣಕ್ಕೆ ಕರೆತರುವನು. ಗರ್ಭ ನಿಲ್ಲದಿರಲೆಂದು ಒಂದು ಮಾತ್ರೆ ಕೊಟ್ಟು, ಹೊಟ್ಟೆ ತೊಳಸಬಹುದು, ಶೌಚಾಲಯದೊಳಗೆ ಹೋಗಿ ನುಂಗು ಎನ್ನುವನು. ಮಾತ್ರೆಯಲ್ಲಿ ಇದ್ದದ್ದು ಸೈನೈಡ್. ಅಕ್ಕಸಾಲಿಗನೆಂದು ಹೇಳಿಕೊಂಡು ಅದನ್ನು ಕೊಂಡಿದ್ದನಂತೆ. ಅವಳು ಒಳಗೆ ಬೀಳುವ ಹೊತ್ತಿಗೆ ಇವನು ಒಡವೆಗಾಗಿ ಕೋಣೆಯ ಹಾದಿ ಹಿಡಿದಿರುತ್ತಿದ್ದನು.

ಬಾಗಿಲಿಗೆ ಒಳಗಿನಿಂದ ಚಿಲಕ, ಮೈಮೇಲೆ ಗಾಯವಿಲ್ಲ, ಹೆಸರು ಹೇಳುವವರಿಲ್ಲ. ಆತ್ಮಹತ್ಯೆಯೋ, ಅಸಹಜ ಮರಣವೋ ಎಂದು ಬರೆದು ಕಡತ ಕಟ್ಟಿದರು. ಮೈಸೂರಿನ ಠಾಣೆಗೆ ಮಡಿಕೇರಿಯದು ತಿಳಿಯದು, ಬೆಂಗಳೂರಿಗೆ ಮೈಸೂರಿನದು ತಿಳಿಯದು. ಒಂದೇ ಬಗೆಯ ಸಾವು ಊರೂರು ತಿರುಗುತ್ತಿದ್ದರೂ, ಕೊಲೆಯೊಂದು ನಡೆದಿದೆ ಎಂಬ ಮಾತೇ ಹುಟ್ಟಲಿಲ್ಲ. ಕೊಲೆಗಾರ ಸಿಗದ ಪ್ರಕರಣಗಳನ್ನು ನಾವು ಓದಿದ್ದೇವೆ. 1989ರಲ್ಲಿ ಕಲ್ಕತ್ತೆಯ ಬೀದಿಬದಿಯಲ್ಲಿ ಮಲಗಿದ್ದ ಹದಿಮೂರು ಜನರನ್ನು ತಲೆಯ ಮೇಲೆ ಕಲ್ಲು ಎತ್ತಿಹಾಕಿ ಕೊಂದವನು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ಅಲ್ಲಿಯೂ ಸತ್ತವರಲ್ಲಿ ಎಷ್ಟೋ ಜನರ ಹೆಸರು ಹೇಳುವವರಿರಲಿಲ್ಲ. ಆದರೆ ಕಲ್ಲು ಕಣ್ಣಿಗೆ ಕಾಣುತ್ತಿತ್ತು. ನಮ್ಮ ನಿಲ್ದಾಣಗಳಲ್ಲಿ ಅದೂ ಕಾಣಲಿಲ್ಲ.

ಇತ್ತ ಮನೆಯವರು? ಮಗಳು ಎಲ್ಲೋ ಮದುವೆಯಾಗಿ ಸುಖವಾಗಿರಬೇಕೆಂದು ಕೆಲವರು ಸಮಾಧಾನ ತಂದುಕೊಂಡರು. ಹೊರಗೆ ತಿಳಿದರೆ ತಂಗಿಯರ ಮದುವೆ ನಿಂತೀತೆಂದು ಬಾಯಿ ಮುಚ್ಚಿಕೊಂಡರು ಕೆಲವರು. ಅತ್ತ ಹೆಣಕ್ಕೆ ವಾರಸುದಾರರಿಲ್ಲ, ಇತ್ತ ತಾಯಿಯ ಕಣ್ಣು ಬಾಗಿಲ ಮೇಲೆ.

2009ರ ಜೂನಿನಲ್ಲಿ ಬಂಟ್ವಾಳ ತಾಲೂಕಿನ ಬರಿಮಾರಿನ ಹುಡುಗಿಯೊಬ್ಬಳು ಕಾಣೆಯಾದಳು. ಬೇರೆ ಧರ್ಮದ ಹುಡುಗನೊಡನೆ ಓಡಿಹೋದಳೆಂಬ ಮಾತು ಹುಟ್ಟಿತು. ಜನ ರೊಚ್ಚಿಗೆದ್ದು, ಠಾಣೆಯನ್ನೇ ಸುಡುತ್ತೇವೆ ಎನ್ನುವವರೆಗೂ ಹೋಯಿತು. ಆ ಗದ್ದಲದಿಂದಲೇ ಪೊಲೀಸರು ಫೋನ್ ಕರೆಗಳ ಪಟ್ಟಿ ಹಿಡಿದು ಕುಳಿತರು. ಅವಳ ಫೋನಿನಿಂದ ಕಾಣೆಯಾದ ಇನ್ನೊಬ್ಬಳ ಫೋನು, ಅಲ್ಲಿಂದ ಮತ್ತೊಬ್ಬಳದು. ಹೀಗೆ ಎಳೆ ಹಿಡಿದು ಹೋಗಿ ಅಕ್ಟೋಬರಿನಲ್ಲಿ ಮೋಹನನನ್ನು ಬಂಧಿಸಿದರು. ಹರಡಿದ್ದ ಸುದ್ದಿ ಸುಳ್ಳಾಗಿತ್ತು. ಆ ಸುಳ್ಳು ಎರಡು ಸಮಾಜಗಳನ್ನು ಹೊತ್ತಿಸಬಹುದಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ಆ ಸುಳ್ಳಿಲ್ಲದಿದ್ದರೆ ಬಡವರ ಮಗಳೊಬ್ಬಳನ್ನು ಅಷ್ಟು ಹುಡುಕುತ್ತಿದ್ದರೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಬರಿಮಾರಿನ ಪ್ರಕರಣದಲ್ಲಿ ಅದನ್ನು ಹೈಕೋರ್ಟು 2017ರಲ್ಲಿ ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣ ಕಾಸರಗೋಡಿನ ಹೆಣ್ಣುಮಗಳದು. ಅದರ ತೀರ್ಪು ಬಂದದ್ದು 2020ರ ಜೂನಿನಲ್ಲಿ. ಇನ್ನೊಂದು ಮಾತನ್ನು ಹೇಳಲು ನಾಲಗೆ ತಡೆಯುತ್ತದೆ. ಅವನು ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವನು. ಮಾಸ್ತರ ಎಂದರೆ ಹಳ್ಳಿಯ ತಾಯಂದಿರು ಇನ್ನೂ ತಲೆಯ ಮೇಲೆ ಸೆರಗು ಎಳೆದುಕೊಂಡು ಮಾತಾಡುತ್ತಾರೆ.

ಇಷ್ಟೆಲ್ಲ ಪತ್ರಿಕೆಯಲ್ಲಿ ಓದಿದ ನಾನು ಏನು ಮಾಡಿದೆ? 2012ರ ಮಾತು. ನಮ್ಮ ಮೆಣಸಿನಕಾಯಿ ಪೇಟೆಯ ಹಮಾಲರೊಬ್ಬರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಕೆಲಸಕ್ಕೆಂದು ಹೋದವಳು ಮನೆಗೆ ಬರಲಿಲ್ಲ. ತಂದೆ ರಾತ್ರಿ ನನ್ನ ಮನೆಗೆ ಬಂದ. ಅಂಗಿಯಲ್ಲಿ ಇನ್ನೂ ಮೆಣಸಿನಕಾಯಿಯ ಘಾಟು. “ಏನ್ ಮಾಡ್ಲಿ ಸರ್ರ, ಠಾಣೇಕ ಹೋಗ್ಲ್ಯಾ?” ಎಂದ. ನಾನು, “ನಾಕ ದಿವಸ ತಡಿಯಪಾ. ಠಾಣೆ ಮೆಟ್ಟಲಾ ಹತ್ತಿದರ ಊರ ತುಂಬ ಮಾತಾಕ್ಕೈತಿ” ಎಂದೆ. ಅವನು ತಡೆದ. ನಾಲ್ಕು ದಿನ ಹದಿನಾರಾಯಿತು. ಆ ಹದಿನಾರು ದಿನವೂ ನಾನು ನಿಲ್ದಾಣದ ಗೋಡೆಯ ಕಡೆ ಮುಖ ಮಾಡಲಿಲ್ಲ.

ಹುಡುಗಿ ಬಂದಳು. ಹುಬ್ಬಳ್ಳಿಯಲ್ಲಿ ಗೆಳತಿಯ ಮನೆಯಲ್ಲಿದ್ದು ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಬಲವಂತದ ಮದುವೆಗೆ ಹೆದರಿ ಹೋದವಳು.

ಈಗ ಕಾನೂನು ಬದಲಾಗಿದೆ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹಾವೇರಿಯಲ್ಲಿ ಕೊಟ್ಟ ದೂರನ್ನು ಮೈಸೂರಿಗೆ ಕಳಿಸುವುದು ಅವರ ಕೆಲಸ. ದೂರು ಕೊಡದಿದ್ದರೆ ಕಳಿಸುವುದಾದರೂ ಏನನ್ನು?

ಆ ಹಮಾಲ ಈಗಲೂ ಪೇಟೆಯಲ್ಲಿ ಸಿಗುತ್ತಾನೆ. ಹೊತ್ತ ಚೀಲವನ್ನು ಇಳಿಸಿ ಕೈಮುಗಿಯುತ್ತಾನೆ. “ನೀವು ಅವತ್ತ ಹೇಳಿದ್ದಕ್ಕ ಮರ್ಯಾದಿ ಉಳೀತ್ರಿ ಸರ್ರ” ಎನ್ನುತ್ತಾನೆ.