ಚಂದಾ ಕಟ್ಟದೆ ಆಡುವ ಆಟ



ಹಂಪಿಯಲ್ಲಿ ಹೇಮಕೂಟ ಹತ್ತಲು, ಬಜಾರಿನ ಸಾಲುಮಂಟಪಗಳ ನೆರಳಿನಲ್ಲಿ ಅಡ್ಡಾಡಲು, ಸಾಸಿವೆಕಾಳು ಗಣಪನನ್ನು ಕಾಣಲು ನಿಮ್ಮನ್ನು ಯಾರೂ ಟಿಕೆಟ್ ಕೇಳುವುದಿಲ್ಲ. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಿಲ್ಲಬೇಕೆಂದರೆ ಟಿಕೆಟ್ ಬೇಕು. ಹದಿನೈದು ತುಂಬದ ಮಕ್ಕಳಿಗೆ ಅದೂ ಬೇಡ. ಲೋಕದ ಮೂಲೆಮೂಲೆಯ ಜನ ಅಂತರಜಾಲದಲ್ಲಿ ಒಟ್ಟಿಗೆ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ಧರಿಸಿ ಆಡುವ ಆಟಗಳ ಏರ್ಪಾಡೂ ಬಹುಮಟ್ಟಿಗೆ ಇಂಥದೇ. ಒಂದಿಷ್ಟು ಬಯಲು ಎಲ್ಲರಿಗೂ ತೆರೆದಿರುತ್ತದೆ; ಒಳಪ್ರಾಕಾರಕ್ಕೆ ಮಾತ್ರ ತಿಂಗಳು ತಿಂಗಳೂ ಚಂದಾ ಕಟ್ಟಬೇಕು. ಕಟ್ಟದೆ ಆಡಲು ಸಾಧ್ಯವೇ, ಆಡಿದರೆ ಆ ಲೆಕ್ಕವನ್ನು ತೀರಿಸುವವರು ಯಾರು ಎಂಬುದು ಇಂದಿನ ವಿಷಯ.

ಪಾತ್ರಕ್ಕಾಗಿ ಹಣ ಹಾಕುವುದು ನಮಗೆ ಹೊಸದಲ್ಲ. ಕಂಪ್ಲಿಯ ಕಡೆಯ ಹಳ್ಳಿಗಳಲ್ಲಿ ಬಯಲಾಟ ಕಟ್ಟುವಾಗ ವೇಷ ಹಾಕುವವರೇ ವಂತಿಗೆ ಕೂಡಿಸಿ, ಮೇಷ್ಟ್ರ ಸಂಭಾವನೆಯನ್ನೂ ಉಡುಪಿನ ಬಾಡಿಗೆಯನ್ನೂ ತೀರಿಸುವುದುಂಟು. ಕೈಯಲ್ಲಿ ಕಾಸಿಲ್ಲದ ಹುಡುಗ ಅಟ್ಟ ಕಟ್ಟಿ, ದೀಪ ಹಚ್ಚಿ, ಕೊನೆಗೆ ದೂತನ ಪಾತ್ರವನ್ನಾದರೂ ಗಿಟ್ಟಿಸಿಕೊಳ್ಳುತ್ತಾನೆ. ಈ ಹುಡುಗನನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಅಮೆರಿಕದ ಬ್ಲಿಜಾರ್ಡ್ ಸಂಸ್ಥೆ 2004ರಲ್ಲಿ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಚಂದಾ ತಿಂಗಳಿಗೆ 15 ಡಾಲರ್. ನಮ್ಮ ಹಣದಲ್ಲಿ ಸಾವಿರದ ಇನ್ನೂರು ರೂಪಾಯಿಗೂ ಮಿಗಿಲು. ಸಂಡೂರಿನಿಂದ ಬಂದು ಹೊಸಪೇಟೆಯಲ್ಲಿ ಕೊಠಡಿ ಹಿಡಿದು ಓದುವ ವಿದ್ಯಾರ್ಥಿಗೆ ಇದೇನು ಸಣ್ಣ ಮೊತ್ತವೇ? ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಇಪ್ಪತ್ತನೆಯ ಹಂತದವರೆಗೆ ಈ ಆಟವನ್ನು ಹಣವಿಲ್ಲದೆ ಆಡಬಹುದು. ಜಪಾನಿನ ‘ಫೈನಲ್ ಫ್ಯಾಂಟಸಿ 14’ 2023ರಿಂದ ಎಪ್ಪತ್ತನೆಯ ಹಂತದವರೆಗೂ ಬಿಡುತ್ತದೆ. ಆದರೆ ಅಲ್ಲಿಯ ಸಂತೆಯಲ್ಲಿ ನೀವು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಆಟಗಾರರ ಸಂಘಗಳಿಗೆ ಸೇರುವಂತಿಲ್ಲ. ಇನ್ನೊಂದು ಮಾತು: ಒಮ್ಮೆ ಹಣ ಕಟ್ಟಿದಿರೋ, ಆ ಖಾತೆ ಮತ್ತೆ ಉಚಿತ ಖಾತೆಯಾಗಿ ಹಿಂದಿರುಗುವುದಿಲ್ಲ. ಕಟ್ಟುವ ಮುಂಚೆ ಇದನ್ನು ತಿಳಿದಿರುವುದು ಒಳ್ಳೆಯದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ದಾರಿ. ಐಸ್‌ಲೆಂಡಿನ ಸಿಸಿಪಿ ಸಂಸ್ಥೆಯ ‘ಈವ್ ಆನ್‌ಲೈನ್’ ಶುರುವಾದದ್ದು 2003ರಲ್ಲಿ. ಅದು ಬಾಹ್ಯಾಕಾಶದ ಆಟ. ಹೊಸಬರು ಹಡಗೊಂದನ್ನು ಹಿಡಿದು ಕ್ಷುದ್ರಗ್ರಹಗಳ ಅದಿರನ್ನು ಅಗೆಯುವುದು ಅಲ್ಲಿಯ ಸಾಮಾನ್ಯ ಕಸುಬು. ಅದಿರು ಎಂದರೇನೆಂದು ಸಂಡೂರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಅಗೆದದ್ದನ್ನು ಕರಗಿಸಿ ಮಾರಿದರೆ ಆಟದೊಳಗಿನ ನಾಣ್ಯ ಕೈಸೇರುತ್ತದೆ. ಈ ಸಂಸ್ಥೆ 2008ರಲ್ಲಿ ‘ಪ್ಲೆಕ್ಸ್’ ಎಂಬ ಒಂದು ವಸ್ತುವನ್ನು ಬಳಕೆಗೆ ತಂದಿತು. ಹಣವಿದ್ದು ಹೊತ್ತಿಲ್ಲದವನು ಅದನ್ನು ಡಾಲರ್ ಕೊಟ್ಟು ಕೊಳ್ಳುತ್ತಾನೆ, ಆಟದ ಸಂತೆಯಲ್ಲಿ ನಾಣ್ಯಕ್ಕೆ ಮಾರುತ್ತಾನೆ. ಹೊತ್ತಿದ್ದು ಹಣವಿಲ್ಲದವನು ಅಗೆದು ಗಳಿಸಿದ ನಾಣ್ಯದಿಂದ ಅದನ್ನು ಕೊಳ್ಳುತ್ತಾನೆ. 500 ಪ್ಲೆಕ್ಸ್ ಕೂಡಿಸಿದರೆ ಒಂದು ತಿಂಗಳ ಚಂದಾ ತೀರಿದಂತೆ. ಇಂಗ್ಲೆಂಡಿನ ‘ರೂನ್‌ಸ್ಕೇಪ್’ 2013ರಲ್ಲಿ, ವಾರ್‌ಕ್ರಾಫ್ಟ್ 2015ರಲ್ಲಿ ಇಂಥದೇ ವ್ಯವಸ್ಥೆ ಮಾಡಿಕೊಂಡವು.

ಈಗ ಲೆಕ್ಕ ಹಾಕಿ ನೋಡಿ. ಸಂಸ್ಥೆಗೆ ಹಣ ಬಂದೇ ಬಂತು. ಕೊಟ್ಟವನು ಯಾವುದೋ ದೇಶದ ಯಾರೋ ಸಂಬಳದಾರ. ನೀವು ಅವನ ಪರವಾಗಿ ಅಗೆದಿರಿ, ಅವನು ನಿಮ್ಮ ಪರವಾಗಿ ಚಂದಾ ಕಟ್ಟಿದ. ಪಾಲಿಗೆ ಗದ್ದೆ ಮಾಡಿದ ಹಾಗಾಯಿತಲ್ಲವೇ? ಬಯಲಾಟದ ಅಟ್ಟ ಕಟ್ಟಿದ ಹುಡುಗನೂ ಇಲ್ಲಿ ಕಾಣಿಸುತ್ತಾನೆ. ಇದರಲ್ಲಿ ಮೋಸವಿಲ್ಲ. ವ್ಯಾಪಾರ, ಬೆಲೆಯ ಏರಿಳಿತ, ಬೇಡಿಕೆ ಪೂರೈಕೆಗಳ ಪಾಠವನ್ನು ಅಲ್ಲಿ ಕಲಿತವರೂ ಇದ್ದಾರೆ. ಆದರೆ ಗಂಟೆಗೆ ಎಷ್ಟು ನಾಣ್ಯ ಸಿಗುತ್ತದೆ, 500 ಪ್ಲೆಕ್ಸಿಗೆ ಅಂದಿನ ಬೆಲೆ ಎಷ್ಟು ಎಂದು ಕಾಗದದ ಮೇಲೆ ಭಾಗಾಕಾರ ಮಾಡಿ. ಬರುವ ಗಂಟೆಗಳನ್ನು ಆ ಆಟದ ಒಂದು ತಿಂಗಳ ಚಂದಾದ ಪಕ್ಕದಲ್ಲಿಟ್ಟು ನೋಡಿ. ಹೊಸಬರಿಗೆ ಆ ಕೂಲಿ ಬಹಳ ಅಗ್ಗ. ದ್ವಿತೀಯ ಪಿಯುಸಿಯ ವರ್ಷದಲ್ಲಂತೂ ಅಷ್ಟು ಅಗ್ಗಕ್ಕೆ ಸಂಜೆಗಳನ್ನು ಮಾರಬಾರದೆಂದು ನನ್ನ ಅಭಿಪ್ರಾಯ. ಅದೇ ಈವ್‌ನಲ್ಲಿ 2016ರಿಂದ ಚಂದಾ ಇಲ್ಲದ ಖಾತೆಯೂ ಉಂಟು. ಕೆಲವು ಹಡಗುಗಳು, ಕೆಲವು ಕೌಶಲಗಳು ಮಾತ್ರ ಸಿಗುತ್ತವೆ. ವಾರಕ್ಕೊಮ್ಮೆ ಆಡುವವನಿಗೆ ಅಷ್ಟು ಸಾಕು.

ಚಂದಾ ಕಟ್ಟಿ ಆಡುವುದು ಕಾನೂನಿಗೆ ವಿರುದ್ಧವೇ ಎಂದು ಕೆಲವು ತಂದೆತಾಯಿಗಳು ಕೇಳುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ನಿಷೇಧಿಸುವುದು ಪಣವೊಡ್ಡಿ ಹಣ ಗೆಲ್ಲುವ ಆಟಗಳನ್ನು. ಪ್ರವೇಶಕ್ಕೆಂದು ಕಟ್ಟುವ ಚಂದಾ ಪಣವಲ್ಲವೆಂದು ಆ ಕಾಯ್ದೆಯೇ ಬೇರೆಯಾಗಿ ಗುರುತಿಸಿದೆ.

ಇನ್ನು ಹಿತ್ತಿಲ ಬಾಗಿಲು. ಆಟದ ನಕಲನ್ನು ತಮ್ಮದೇ ಸರ್ವರ್‌ನಲ್ಲಿ ಇಟ್ಟು, ಅನುಮತಿಯಿಲ್ಲದೆ, ಪುಕ್ಕಟೆ ಆಡಿಸುವವರಿದ್ದಾರೆ. ಅಲ್ಲಿಂದ ಇಳಿಸಿಕೊಳ್ಳುವ ಕಡತದಲ್ಲಿ ಏನಿದೆಯೆಂದು ಹೇಳುವವರಿಲ್ಲ. ನೀವು ಕೊಡುವ ಗುಪ್ತಪದ ಯಾರ ಕೈ ಸೇರುತ್ತದೆಂದೂ ತಿಳಿಯದು. ಮನೆಯವರೆಲ್ಲರ ಬ್ಯಾಂಕಿನ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ ಇಂಥದನ್ನು ಹಾಕಲೇಬೇಡಿ. ಕೆಲವರು ಇದನ್ನು ಪ್ರೀತಿಯಿಂದ ನಡೆಸುತ್ತಾರೆಂಬುದೂ ನಿಜವೇ. ವಾರ್‌ಕ್ರಾಫ್ಟ್‌ನ ಹಳೆಯ ರೂಪವನ್ನು ಮೆಚ್ಚಿದ ಫ್ರಾನ್ಸಿನ ಕೆಲವರು ‘ನೊಸ್ಟಾಲ್ರಿಯಸ್’ ಎಂಬ ಹೆಸರಿನಲ್ಲಿ ಅದನ್ನು ಹಾಗೆಯೇ ಉಳಿಸಿ, ಕಾಸು ಪಡೆಯದೆ ಆಡಿಸುತ್ತಿದ್ದರು. ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದರು. ಬ್ಲಿಜಾರ್ಡ್‌ನ ಕಾನೂನು ಪತ್ರ ಬಂದು 2016ರ ಏಪ್ರಿಲ್‌ನಲ್ಲಿ ಅದು ನಿಂತಿತು. ಅವರವರ ವೀರರು, ವರ್ಷವಿಡೀ ಕೂಡಿಟ್ಟ ಆಯುಧಗಳು, ಎಲ್ಲವೂ ಅಂದು ಕೈತಪ್ಪಿದವು. ಆಟಗಾರರು ಸಹಿ ಸಂಗ್ರಹಿಸಿದರು, ಸಂಸ್ಥೆಯೊಡನೆ ಮಾತುಕತೆಯೂ ನಡೆಯಿತು. 2019ರ ಆಗಸ್ಟ್‌ನಲ್ಲಿ ಬ್ಲಿಜಾರ್ಡ್ ತಾನೇ ಆ ಹಳೆಯ ಆಟವನ್ನು ಮತ್ತೆ ತೆರೆಯಿತು, ಅದೇ ತಿಂಗಳ ಚಂದಾ ಮೇಲೆ.